ಗಾಳಕ್ಕೆ ಬಿದ್ದ ಮೀನಿನ ಲೆಕ್ಕ ಬರೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಕೊಪ್ಪಳ, ಗಂಗಾವತಿ, ರಾಯಚೂರು ಕಡೆಯ ಹನ್ನೆರಡು ಜನ. ವಾರಕ್ಕೊಮ್ಮೆ ಮುನಿರಾಬಾದ್ ಕಡೆಯ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಹೋಗುತ್ತೇವೆ. ಚಳಿಗಾಲದಲ್ಲಿ ಎರಡು ಸಲ ಅಂಕೋಲಾ, ಗೋಕರ್ಣದ ಕಡೆ ಸಮುದ್ರಕ್ಕೆ ಗಾಳ ಕಟ್ಟಿಕೊಂಡು ಹೊರಡುತ್ತೇವೆ. ಮೂರು ವರ್ಷದಿಂದ ನಮ್ಮ ಮೀನನ್ನೂ, ಪಕ್ಕದ ಬಂಡೆಯ ಮೇಲೆ ಕೂತವರ ಮೀನನ್ನೂ ಫಾರ್ಮಿನಲ್ಲಿ ಬರೆಯುತ್ತಿದ್ದೇವೆ. ಯಾರೂ ಹೇಳಿ ಮಾಡಿಸುತ್ತಿಲ್ಲ, ನಮ್ಮದೇ ಹುಚ್ಚು. ಹೊಸಬರು ಸೇರಿದಾಗೆಲ್ಲ ಅದೇ ಪ್ರಶ್ನೆಗಳು ಬರುತ್ತವೆ. ಹೇಳಿ ಹೇಳಿ ಬಾಯಿ ನೋವಾಯಿತು, ಅದಕ್ಕೆ ಬರೆದಿಟ್ಟೆ.

ಸಮುದ್ರವೇ ಇಲ್ಲದ ಊರಿನವರಿಗೆ ಸಮುದ್ರದ ಮೀನಿನ ಲೆಕ್ಕ ಯಾಕೆ?

ದೂರ ಅಂದುಕೊಂಡಷ್ಟಿಲ್ಲ. ಮೊದಲು ಅಂಕೋಲಾ–ಗುತ್ತಿ ಹೆದ್ದಾರಿ ಎನ್ನುತ್ತಿದ್ದ ದಾರಿ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೇ ಹೋಗುತ್ತದೆ. ರಾತ್ರಿ ಊಟ ಮಾಡಿ ಜೀಪು ಹತ್ತಿದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬೆಳಗಿನ ಹೊತ್ತಿಗೆ ಉಪ್ಪುನೀರಿನ ಮುಂದೆ ಇರುತ್ತೇವೆ. ಇದೇ ದಾರಿಯಲ್ಲಿ ಬಳ್ಳಾರಿಯ ಅದಿರು ಲಾರಿಗಟ್ಟಲೆ ಬೇಲೆಕೇರಿ ಬಂದರಿಗೆ ಹೋಗಿತ್ತು. 2010ರಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಅಲ್ಲಿಂದ ಮಾಯವಾಗಿತ್ತು. ಅಂಥ ರಾಶಿಯ ಲೆಕ್ಕವೇ ತಪ್ಪಿದ ದಾರಿಯಲ್ಲಿ ನೀವು ಬಂಗುಡೆ ಎಣಿಸೋಕೆ ಹೋಗ್ತೀರಾ ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ.

ನಮ್ಮಂಥ ಹೊರಗಿನವರು ಹಿಡಿದ ಮೀನು ಯಾವ ಮಾರುಕಟ್ಟೆಗೂ ಹೋಗುವುದಿಲ್ಲ. ಬಂಡೆಯ ಮೇಲೇ ಹುರಿದು ತಿಂದು ಬಿಡುತ್ತೇವೆ. ಬರೆದಿಟ್ಟರೆ ಮಾತ್ರ ಅದು ಲೆಕ್ಕಕ್ಕೆ ಸಿಗುತ್ತದೆ.

ದೊಡ್ಡ ಬೋಟಿನವರು ಟನ್‌ಗಟ್ಟಲೆ ಹಿಡಿಯುವಾಗ ನಮ್ಮ ನಾಲ್ಕು ಮೀನು ಯಾವ ಲೆಕ್ಕ?

ಬೋಟಿನವರ ಲೆಕ್ಕ ಇಡುವವರಿದ್ದಾರೆ. 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಜನ ಮೀನು ಇಳಿಸುವ ಬಂದರುಗಳಲ್ಲಿ ಕೂತು, ಆರಿಸಿದ ದಿನಗಳಲ್ಲಿ ಬೋಟುಗಳನ್ನು ನೋಡಿ ಬರೆಯುತ್ತಾರೆ. ಅದು ಮಾರುವ ಮೀನಿನ ಲೆಕ್ಕ. ಗಾಳದವನು ಬಂದರಿಗೆ ಬರುವುದಿಲ್ಲ. ಎಲ್ಲೋ ಒಂದು ಬಂಡೆ, ಎಲ್ಲೋ ಒಂದು ಸೇತುವೆ, ಅಲ್ಲಿಂದ ಸೀದಾ ಮನೆಗೆ.

ಒಬ್ಬೊಬ್ಬರದು ನಾಲ್ಕೇ ಇರಬಹುದು. ಜನ ಜಾಸ್ತಿಯಾದರೆ ಅದೇ ದೊಡ್ಡದಾಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಮೀನಿದೆ. ಅದನ್ನು ವ್ಯಾಪಾರದವರಿಗಿಂತ ಖುಷಿಗೆ ಗಾಳ ಹಾಕುವವರೇ ಜಾಸ್ತಿ ಹಿಡಿಯುತ್ತಾರೆ. ಅವರನ್ನು ಬಿಟ್ಟು ಆ ಮೀನಿನ ಲೆಕ್ಕ ಹಾಕಲು ಹೋದರೆ ಮುಕ್ಕಾಲು ಪಾಲು ಬಿಟ್ಟು ಕಾಲು ಪಾಲು ಎಣಿಸಿದ ಹಾಗೆ.

ಎಲ್ಲರನ್ನೂ ಕೇಳೋಕೆ ಆಗಲ್ಲ. ಹಾಗಾದರೆ ಒಟ್ಟು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ?

ಗಂಗಾವತಿಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಬೆಳೆ ಕಟಾವು ಪ್ರಯೋಗ ನೋಡಿದ್ದೀರಲ್ವಾ? ಭತ್ತದ ಗದ್ದೆಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ತುಂಡು ಗುರುತು ಹಾಕುತ್ತಾರೆ. ಅಷ್ಟನ್ನೇ ಕೊಯ್ದು ತೂಗುತ್ತಾರೆ. ಒಟ್ಟು ಎಷ್ಟು ಎಕರೆ ಬಿತ್ತಿದ್ದಾರೆ ಎನ್ನುವುದು ಬೇರೆ ದಾಖಲೆಯಿಂದ ಬರುತ್ತದೆ. ಎರಡನ್ನೂ ಗುಣಿಸಿದರೆ ತಾಲ್ಲೂಕಿನ ಇಳುವರಿ.

ಮೀನಿನದೂ ಹಾಗೆಯೇ. ಒಬ್ಬ ಗಾಳದವನಿಗೆ ಗಂಟೆಗೆ ಎಷ್ಟು ಬೀಳುತ್ತದೆ ಎನ್ನುವುದು ಒಂದು ಪ್ರಶ್ನೆ. ಇಡೀ ಕರಾವಳಿಯಲ್ಲಿ ಎಷ್ಟು ಜನ ಎಷ್ಟು ಗಂಟೆ ಕೂತಿದ್ದರು ಎನ್ನುವುದು ಇನ್ನೊಂದು. ಅಮೆರಿಕದಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಮೀಕ್ಷೆ ಇದೆ. ಮೊದಲನೆಯದಕ್ಕೆ ಸಮೀಕ್ಷೆಯವರು ದಡಕ್ಕೇ ಹೋಗಿ, ಹಿಡಿದು ವಾಪಸ್ ಹೊರಟವರನ್ನು ನಿಲ್ಲಿಸಿ ಕೇಳುತ್ತಾರೆ. ಎರಡನೆಯದಕ್ಕೆ ಮನೆಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಗುತ್ತದೆ. ಹಿಂದೆ ಇದನ್ನು ಮನೆ ಫೋನಿಗೆ ಕರೆ ಮಾಡಿ ಕೇಳುತ್ತಿದ್ದರು. 2018ರಿಂದ ಪೂರ್ತಿ ಅಂಚೆಗೆ ಬದಲಾಯಿತು. ಆಗ ವರ್ಷವನ್ನು ಎರಡೆರಡು ತಿಂಗಳ ಆರು ತುಂಡು ಮಾಡಿ ಲೆಕ್ಕ ಹಾಕುತ್ತಿದ್ದರು.

ನಮ್ಮ ಕೈಯಲ್ಲಿ ಆಗುವುದು ಮೊದಲನೆಯದು ಮಾತ್ರ. ಅದನ್ನಾದರೂ ನೆಟ್ಟಗೆ ಮಾಡೋಣ.

ಫಾರ್ಮಿನಲ್ಲಿ "ಕಂಡದ್ದು", "ಕೇಳಿದ್ದು", "ಬಿಟ್ಟದ್ದು" ಅಂತ ಮೂರು ಕಾಲಂ ಇದೆ. ಒಟ್ಟು ಎಷ್ಟು ಅಂತ ಒಂದೇ ಬರೆದರೆ ಸಾಲದಾ?

ಸಾಲದು. ಬೇರೆ ಯಾವುದನ್ನಾದರೂ ಮರೆಯಿರಿ, ಇದನ್ನು ಮರೆಯಬೇಡಿ.

ನಾವು ಇದನ್ನು ಕಲಿತದ್ದು ಅಮೆರಿಕದವರ ಪದ್ಧತಿಯಿಂದ. ಅವರು ಹಿಡಿದ ಮೀನನ್ನು ಮೂರು ತರ ಬರೆಯುತ್ತಾರೆ. ಬರೆಯುವವನು ಕಣ್ಣಾರೆ ಕಂಡ, ಇಡಿಯಾಗಿರುವ, ಜಾತಿ ಗುರುತಿಸಿ ಅಳೆಯಲು ಸಿಕ್ಕ ಮೀನು "ಎ". ಸತ್ತಿದೆ, ಆದರೆ ಕಣ್ಣಿಗೆ ಬಿದ್ದಿಲ್ಲ, ಅದು "ಬಿ1". ಕತ್ತರಿಸಿ ಆಗಿದೆ, ತಿಂದು ಆಗಿದೆ, ಎರೆಗೆ ಹಾಕಿ ಆಗಿದೆ, ಸತ್ತದ್ದನ್ನು ನೀರಿಗೆ ಎಸೆದು ಆಗಿದೆ, ಇವೆಲ್ಲ ಇದರಲ್ಲೇ. ಜೀವಂತ ವಾಪಸ್ ಬಿಟ್ಟದ್ದು "ಬಿ2".

ಒಂದು ಬಕೆಟ್ಟಿನ ಕತೆ ಹೇಳುತ್ತೇನೆ. ಗಂಗಾವಳಿ ನದಿ ಸಮುದ್ರ ಸೇರುವ ಕಡೆ ಒಬ್ಬ ಹಿರಿಯರು ಕೂತಿದ್ದರು. ನೀಲಿ ಪ್ಲಾಸ್ಟಿಕ್ ಬಕೆಟ್ಟು, ಮೇಲೆ ಒದ್ದೆ ಗೋಣಿ. ಎಷ್ಟು ಬಿದ್ದವು ಎಂದೆ. "ಹತ್ತು" ಎಂದರು. ಗೋಣಿ ಎತ್ತಿ ತೋರಿಸಿ ಎಂದು ಕೇಳಿಕೊಂಡೆ. ಒಳಗೆ ಐದು ಕಾಣೆ ಮೀನು ಇದ್ದವು. ಉಳಿದವು? ಎರಡು ಚಿಕ್ಕವನ್ನು ತುಂಡು ಮಾಡಿ ಗಾಳಕ್ಕೇ ಸಿಕ್ಕಿಸಿದ್ದರು. ಒಂದನ್ನು ಮೊಮ್ಮಗ ಮನೆಗೆ ಒಯ್ದಿದ್ದ. ಎರಡು ತೀರಾ ಸಣ್ಣವು, ಬಿಟ್ಟಿದ್ದರು. ಹತ್ತು ಎನ್ನುವುದು ಸುಳ್ಳಲ್ಲ. ಆದರೆ ನಾನು ಅಳೆದದ್ದು ಐದು, ಅವರ ಮಾತು ನಂಬಿ ಬರೆದದ್ದು ಮೂರು, ನೀರಿಗೆ ಮರಳಿದ್ದು ಎರಡು.

ಬರಿ ಹತ್ತು ಎಂದು ಬರೆದಿದ್ದರೆ ಆ ಎರಡು ಮರಿಗಳೂ ಸತ್ತ ಲೆಕ್ಕಕ್ಕೆ ಸೇರುತ್ತಿದ್ದವು. ಬರಿ ಐದು ಎಂದಿದ್ದರೆ ಸತ್ತ ಮೂರು ಕಾಣೆಯೇ ಕಾಣೆಯಾಗುತ್ತಿತ್ತು. ಇನ್ನೊಂದು ವಿಷಯ. ಬಕೆಟ್ಟಿನಲ್ಲಿದ್ದವು ದೊಡ್ಡವು, ಬಿಟ್ಟವು ಸಣ್ಣವು. ಕಂಡ ಐದರ ಸರಾಸರಿ ಉದ್ದವನ್ನೇ ಹತ್ತಕ್ಕೂ ಹಚ್ಚಿದರೆ ತೂಕ ಸುಮ್ನೆ ಏರುತ್ತದೆ.

ಬಿಟ್ಟ ಮೀನು ಬದುಕಿರುತ್ತೆ ಅಂತ ಏನು ಗ್ಯಾರಂಟಿ?

ಇಲ್ಲ. ತುಟಿಗೆ ಸಿಕ್ಕಿದ್ದರೆ ಬದುಕುವುದು ಜಾಸ್ತಿ, ಗಂಟಲಿಗೆ ಇಳಿದಿದ್ದರೆ ಕಷ್ಟ. ಅದಕ್ಕೇ ಪಕ್ಕದಲ್ಲಿ "ಎಲ್ಲಿ ಸಿಕ್ಕಿತ್ತು" ಎಂದು ಚಿಕ್ಕ ಜಾಗ ಬಿಟ್ಟಿದ್ದೇವೆ. ತುಟಿ, ಗಂಟಲು, ಹೊರಮೈ. ಒಂದು ಅಕ್ಷರ ಸಾಕು. ಮೀನು ತೇಲುತ್ತ ಹೋಯಿತು ಎಂದರೆ ಅದು ಬಿಟ್ಟದ್ದಲ್ಲ, ಸತ್ತದ್ದು.

ಏನೂ ಬೀಳದವರ ಫಾರ್ಮ್ ತುಂಬಬೇಕಾ? ವೇಸ್ಟ್ ಅಲ್ವಾ?

ಈ ತಪ್ಪು ನಾನೇ ಮಾಡಿದ್ದೇನೆ, ಅದಕ್ಕೆ ಉದ್ದ ಉತ್ತರ.

ಮೊದಲ ವರ್ಷ ಎರಡು ದಿನದಲ್ಲಿ 27 ಜನರನ್ನು ಮಾತಾಡಿಸಿದ್ದೆ. ವಾಪಸ್ ಬರುವಾಗ ಜೀಪಿನಲ್ಲಿ ಕೂತು ಎಂಟು ಫಾರ್ಮ್ ಕಿತ್ತು ಹಾಕಿದೆ. ಅವರಿಗೆ ಏನೂ ಬಿದ್ದಿರಲಿಲ್ಲ, ಎಲ್ಲ ಕಡೆ ಸೊನ್ನೆ. ಕಾಗದ ಯಾಕೆ ಹೊರಬೇಕು ಎಂದುಕೊಂಡೆ. ಮನೆಗೆ ಬಂದು ಲೆಕ್ಕ ಹಾಕಿದರೆ ಭರ್ಜರಿ ಮೀನು! ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಮ್ಮಲ್ಲಿ ರಾಯಚೂರಿನ ಒಬ್ಬ ಗಣಿತದ ಮೇಷ್ಟ್ರಿದ್ದಾರೆ. ಅವರು ಕೇಳಿದ್ದು ಒಂದೇ ಮಾತು: "ಬರಿಗೈಲಿ ಹೋದವರು ಯಾರೂ ಇರಲಿಲ್ಲೇನು?"

ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಬಂಡೆಯ ಮೇಲೆ ಎಂಟು ಜನ ಇದ್ದಾರೆ ಎನ್ನಿ. ಐದು ಜನರಿಗೆ ಬಿದ್ದಿದೆ. ಅವರು ಕೂತದ್ದು 4, 5, 3, 6, 2 ಗಂಟೆ, ಒಟ್ಟು 20 ಗಂಟೆ. ಬಿದ್ದ ಮೀನು 16. ಉಳಿದ ಮೂವರು 4, 5, 3 ಗಂಟೆ ಕೂತು ಬರಿಗೈಲಿ ಎದ್ದರು. ಅದು 12 ಗಂಟೆ. ಎಲ್ಲರನ್ನೂ ಸೇರಿಸಿದರೆ 32 ಗಂಟೆಗೆ 16 ಮೀನು, ಅಂದರೆ ಎರಡು ಗಂಟೆಗೆ ಒಂದು. ಬರಿಗೈಯವರನ್ನು ಬಿಟ್ಟರೆ 20 ಗಂಟೆಗೆ 16, ಅಂದರೆ ಗಂಟೆಗೆ 0.8. ಆ ಕರಾವಳಿಯಲ್ಲಿ ಆ ದಿನ ಎಲ್ಲರೂ ಸೇರಿ 1,000 ಗಂಟೆ ಕೂತಿದ್ದರು ಎಂದು ಇಟ್ಟುಕೊಳ್ಳಿ. ಮೊದಲ ಲೆಕ್ಕದಲ್ಲಿ 500 ಮೀನು, ಎರಡನೆಯದರಲ್ಲಿ 800. ಮುನ್ನೂರು ಮೀನು ಹುಟ್ಟಿದ್ದು ಸಮುದ್ರದಲ್ಲಲ್ಲ, ನಾನು ಕಿತ್ತು ಹಾಕಿದ ಕಾಗದದಲ್ಲಿ.

ಬರಿಗೈಯವರೇ ಬರೆಸಲು ಒಪ್ಪುವುದಿಲ್ಲ, ಅದು ಇನ್ನೊಂದು ತೊಂದರೆ. ನಮ್ಮ ಹಿನ್ನೀರಿನ ದಡದಲ್ಲೂ ಅದೇ: "ಏನ್ ಬರ್ಕಂತೀರಿ ಸರ, ಒಂದೂ ಬಿದ್ದಿಲ್ಲ." ಬಿದ್ದವರು ಕರೆದು ತೋರಿಸುತ್ತಾರೆ. ಬೀಳದವರು ಚೀಲ ಕಟ್ಟಿ ಹೊರಡುತ್ತಾರೆ. ನೀವೇ ಎದ್ದು ಹೋಗಿ ಮಾತಾಡಿಸಬೇಕು. "ಅಣ್ಣಾ, ನಿಮ್ಮ ಸೊನ್ನೆಯೇ ನನಗೆ ಬೇಕಾಗಿರೋದು" ಎಂದರೆ ನಗುತ್ತಾರೆ, ನಿಲ್ಲುತ್ತಾರೆ.

ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಖಾಲಿ ಇದ್ದರೆ ನೀವು ಕೇಳಲು ಮರೆತಿರೋ, ಬಿದ್ದಿಲ್ಲವೋ ಗೊತ್ತಾಗುವುದಿಲ್ಲ.

ಗಂಟೆ ಹೇಗೆ ಎಣಿಸಬೇಕು? ಎರಡು ರಾಡ್ ಇದ್ದರೆ ಡಬಲ್ಲಾ?

ಅಲ್ಲ. ಜನ ಎಣಿಸಿ, ರಾಡ್ ಬೇರೆ ಬರೆಯಿರಿ. ಗಾಳ ನೀರಲ್ಲಿದ್ದ ಹೊತ್ತು ಮಾತ್ರ ಗಂಟೆ. ಮಂಡಾಳ ಒಗ್ಗರಣೆ ತಿಂದದ್ದು, ನಿದ್ದೆ ಹೊಡೆದದ್ದು, ದಾರದ ಸಿಕ್ಕು ಬಿಚ್ಚುತ್ತ ಕೂತದ್ದು ಕಳೆಯಿರಿ. ಎಷ್ಟು ಗಂಟೆ ಕೂತಿರಿ ಎಂದು ಕೇಳಿದರೆ ಎಲ್ಲರದೂ "ಒಂದ್ ನಾಲ್ಕು ತಾಸು". ಎಷ್ಟು ಹೊತ್ತಿಗೆ ಬಂದಿರಿ ಎಂದು ಕೇಳಿ, ಗಡಿಯಾರ ನೋಡಿ ನೀವೇ ಕಳೆಯಿರಿ.

ಇನ್ನೂ ಗಾಳ ಹಾಕುತ್ತಿರುವವರನ್ನು ಕೇಳಬಹುದಾ, ಇಲ್ಲಾ ಎದ್ದು ಹೊರಟ ಮೇಲೇ ಕೇಳಬೇಕಾ?

ಹೊರಟವರನ್ನು ಕೇಳುವುದು ಒಳ್ಳೆಯದು. ಅವರ ದಿನದ ಲೆಕ್ಕ ಮುಗಿದಿರುತ್ತದೆ. ನಡುವೆ ಹೋಗಿ ಕೇಳಿದರೆ, ನೀವು ಬೆನ್ನು ತಿರುಗಿಸಿದ ಮೇಲೆ ಅವನಿಗೆ ಹತ್ತು ಬೀಳಬಹುದು.

ಇದರಲ್ಲಿ ಇನ್ನೊಂದು ಕಣ್ಣಿಗೆ ಕಾಣದ ಗುಂಡಿ ಇದೆ. ದಡದುದ್ದಕ್ಕೂ ಅಡ್ಡಾಡುತ್ತ ಕಂಡವರನ್ನು ಕೇಳುತ್ತೀರಿ ಎನ್ನಿ. ಬೆಳಗಿನಿಂದ ಆರು ತಾಸು ಕೂತವನು ನಿಮ್ಮ ಕಣ್ಣಿಗೆ ಬೀಳುವುದು, ಒಂದೇ ತಾಸು ಕೂತು ಹೋದವನಿಗಿಂತ ಆರು ಪಟ್ಟು ಸುಲಭ. ಪಟ್ಟುಬಿಡದೆ ಕೂರುವ ಹಳೇ ಕೈಗಳೇ ನಿಮ್ಮ ಫಾರ್ಮಿನಲ್ಲಿ ತುಂಬಿಕೊಳ್ಳುತ್ತಾರೆ. ಸಂಸಾರ ಸಮೇತ ಬಂದು ಅರ್ಧ ತಾಸು ಗಾಳ ಹಾಕಿ ಐಸ್‌ಕ್ರೀಮ್ ತಿನ್ನಲು ಹೋದವರು ತಪ್ಪಿಹೋಗುತ್ತಾರೆ. ಅದಕ್ಕೆ ನಾವು ಅಡ್ಡಾಡುವುದನ್ನು ಬಿಟ್ಟು, ಎಲ್ಲರೂ ಹಾದುಹೋಗುವ ಕಾಲುದಾರಿಯ ಬಾಯಲ್ಲಿ ಕೂರುತ್ತೇವೆ. ನಡುವೆ ಕೇಳಿದ್ದಾದರೆ ಮೂಲೆಯಲ್ಲಿ "ಮುಗಿದಿಲ್ಲ" ಎಂದು ಬರೆಯಿರಿ. ಆ ಫಾರ್ಮುಗಳ ಲೆಕ್ಕ ಬೇರೆ ಮಾಡುತ್ತೇವೆ.

ನನಗೆ ಸಮುದ್ರದ ಮೀನಿನ ಹೆಸರೇ ಗೊತ್ತಿಲ್ಲ. ಏನು ಬರೆಯಲಿ?

ನಮ್ಮ ಕಡೆಯವರಿಗೆ ರೋಹು, ಕಾಟ್ಲಾ, ಮೃಗಾಲ್, ಜಿಲೇಬಿ, ಬಾಳೆ, ಕೊರಮೀನು ಅಷ್ಟೇ ಪರಿಚಯ. ಸಮುದ್ರದ ಮುಂದೆ ನಿಂತರೆ ಬೆಳ್ಳಗೆ ಹೊಳೆಯುವುದೆಲ್ಲ ಬಂಗುಡೆ. ನಾಚಿಕೆಪಡಬೇಡಿ. ಮೊದಲ ಸಲ ನಾನೂ ಪಾರೆ ಮೀನನ್ನು ಬಂಗುಡೆ ಎಂದು ಬರೆದಿದ್ದೆ.

ನಿಜವಾದ ಗೊಂದಲ ಬೇರೆ ಇದೆ. ಒಂದೇ ಮೀನಿಗೆ ಒಂದೊಂದು ಊರಲ್ಲಿ ಒಂದೊಂದು ಹೆಸರು. ಮಂಗಳೂರಿನವರ ಬೂತಾಯಿ ಕಾರವಾರದವರಿಗೆ ತಾರಲೆ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಾಣ. ಕಾಣೆಗೆ ಕೊಂಕಣಿಯವರು ನೊಗಲಿ ಎನ್ನುತ್ತಾರೆ. ನಮ್ಮ ಮೊದಲ ವರ್ಷದ ಪಟ್ಟಿಯಲ್ಲಿ ಇಸ್ವಾಣ ಒಂದು ಸಾಲು, ಅಂಜಲ್ ಇನ್ನೊಂದು ಸಾಲು ಇತ್ತು. ಎರಡು ಜಾತಿ ಎಂದೇ ತಿಳಿದಿದ್ದೆವು!

ಈಗ ಮಾಡುವುದು ಹೀಗೆ. ಹಿಡಿದವರು ಹೇಳಿದ ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯುತ್ತೇವೆ, ತಿದ್ದುವುದಿಲ್ಲ. ಪಕ್ಕದಲ್ಲಿ ಟೇಪು ಇಟ್ಟು ಮೀನಿನ ಫೋಟೋ ತೆಗೆಯುತ್ತೇವೆ. ತಲೆ ಎಡಕ್ಕೆ, ಬೆನ್ನಿನ ರೆಕ್ಕೆ ಬಿಡಿಸಿ ಹಿಡಿದು, ಬಾಲ ಪೂರ್ತಿ ಕಾಣಬೇಕು. ಫಾರ್ಮಿನ ನಂಬರ್ ಬರೆದ ಚೀಟಿಯೂ ಫೋಟೋದಲ್ಲಿ ಬರಬೇಕು. ಜಾತಿ ಯಾವುದೆಂದು ರಾತ್ರಿ ನಿಧಾನವಾಗಿ ನೋಡಿ ಇನ್ನೊಂದು ಕಾಲಮಿನಲ್ಲಿ ತುಂಬುತ್ತೇವೆ. ಗೊತ್ತಾಗದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಿರಿ. ಊಹೆಯ ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಆಮೇಲೆ ಅದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಬಿಟ್ಟ ಮೀನಿನ ಹೆಸರಿಗೆ ಇನ್ನೂ ಜಾಗ್ರತೆ ಬೇಕು. ಅಲ್ಲಿ ಫೋಟೋ ಇಲ್ಲ, ಬರಿ ಮಾತು. ಹತ್ತಿರದ ಬಣ್ಣ, ಹತ್ತಿರದ ಆಕಾರದ ಮೀನುಗಳು ಅದಲುಬದಲಾಗುವುದು ಇಲ್ಲೇ.

ಉದ್ದ ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಮೂತಿಯ ತುದಿಯಿಂದ ಬಾಲದ ಕವಲಿನ ಒಳ ಮೂಲೆಯವರೆಗೆ. ಬಾಲದ ತುದಿಗಳು ಮುರಿದಿರುತ್ತವೆ, ಸವೆದಿರುತ್ತವೆ. ಕವಲು ಹಾಗೇ ಇರುತ್ತದೆ. ಮುರು ಮೀನಿನಂತೆ ಬಾಲ ದುಂಡಗಿದ್ದರೆ ಬಾಲದ ನಟ್ಟನಡುವಿನ ಅಂಚಿಗೆ. ಯಾವ ತರ ಅಳೆದಿರಿ ಎನ್ನುವುದನ್ನು ಫಾರ್ಮಿನ ತಲೆಯ ಮೇಲೆ ಒಮ್ಮೆ ಬರೆದುಬಿಡಿ. ಒಬ್ಬರು ಕವಲಿಗೆ, ಒಬ್ಬರು ತುದಿಗೆ ಅಳೆದು ಎರಡನ್ನೂ ಬೆರೆಸಿದರೆ ಆ ಕಾಲಂ ದೇವರಿಗೇ ಅರ್ಪಣೆ.

ಟೈಲರ್ ಟೇಪನ್ನು ಮೀನಿನ ಮೈಮೇಲೆ ಎಳೆಯಬೇಡಿ. ಹೊಟ್ಟೆಯ ಉಬ್ಬಿನ ಮೇಲೆ ಹತ್ತಿ ಇಳಿದು ಉದ್ದ ಜಾಸ್ತಿ ಬರುತ್ತದೆ. ನಾವು ಬಡಗಿಯ ಹತ್ತಿರ ಅರವತ್ತು ಸೆಂಟಿಮೀಟರಿನ ಹಲಗೆ ಮಾಡಿಸಿದ್ದೇವೆ. ಒಂದು ತುದಿಗೆ ಅಡ್ಡಪಟ್ಟಿ, ಮೇಲೆ ಉಕ್ಕಿನ ಸ್ಕೇಲು ಅಂಟಿಸಿದೆ. ಮೀನಿನ ಬಾಯಿ ಮುಚ್ಚಿ, ಮೂತಿಯನ್ನು ಪಟ್ಟಿಗೆ ತಾಗಿಸಿ, ನೇರ ಮೇಲಿಂದ ನೋಡಿ ಓದಬೇಕು. ಹಲಗೆಗೆ ಮೊದಲು ನೀರು ಹಾಕಿ, ಬಿಡುವ ಮೀನಾದರೆ ಅದರ ಲೋಳೆ ಕಿತ್ತು ಬರುವುದಿಲ್ಲ.

ಎರಡು ಸೆಂಟಿಮೀಟರ್ ಆಚೀಚೆ ಆದರೆ ಏನಾಗುತ್ತೆ?

ಉದ್ದದಲ್ಲಿ ಆಚೀಚೆ ಆದದ್ದು ತೂಕದಲ್ಲಿ ಮೂರು ಪಟ್ಟು ಹೊಡೆಯುತ್ತದೆ. ಮೀನು ಉದ್ದ ಆದ ಹಾಗೆ ಅಗಲವೂ ದಪ್ಪವೂ ಆಗುತ್ತದಲ್ಲ. ಅದಕ್ಕೆ ತೂಕ ಹೆಚ್ಚು ಕಡಿಮೆ ಉದ್ದದ ಘನದ ಹಾಗೆ ಏರುತ್ತದೆ. 20 ಸೆಂಟಿಮೀಟರಿನ ಮೀನು 100 ಗ್ರಾಂ ಇದ್ದರೆ, ಅದೇ ಜಾತಿಯ 40 ಸೆಂಟಿಮೀಟರಿನದು ಸುಮಾರು 800 ಗ್ರಾಂ. 20ರ ಮೀನನ್ನು 22 ಎಂದು ಬರೆದರೆ ಉದ್ದ ತಪ್ಪಿದ್ದು ನೂರಕ್ಕೆ ಹತ್ತು, ತೂಕ ತಪ್ಪಿದ್ದು ನೂರಕ್ಕೆ ಮೂವತ್ತಮೂರು.

ತೂಕ ಮಾಡಲೇಬೇಕಾ?

ತಕ್ಕಡಿ ಇದ್ದರೆ ಮಾಡಿ. ಗಾಳಿ ಬೀಸುವಾಗ ಕೈತಕ್ಕಡಿ ಕುಣಿಯುತ್ತದೆ, ಆಗ ಬಿಟ್ಟುಬಿಡಿ. ಉದ್ದ ಸರಿಯಾಗಿದ್ದರೆ ಸಾಕು.

ಮೂವರ ಮೀನು ಒಂದೇ ಚೀಲದಲ್ಲಿದ್ದರೆ?

ಯಾವುದು ಯಾರದು ಎಂದು ಕೇಳಿ. ಹೇಳಿದರೆ ಮೂರು ಫಾರ್ಮ್. "ಎಲ್ಲಾ ಒಂದೇ ರೀ" ಎಂದರೆ ಚೀಲದ ಮೀನಿಗೆ ಒಂದು ಫಾರ್ಮ್ ಮಾಡಿ, ಎಷ್ಟು ಜನ ಸೇರಿ ಹಿಡಿದದ್ದು ಎಂದು ಬರೆಯಿರಿ. ಚೀಲಕ್ಕೆ ಕೈಯೇ ಹಾಕದೆ ಬರಿ ಬಿಡಿ ಹೊಡೆಯುತ್ತ ಕೂತ ನಾಲ್ಕನೆಯವನನ್ನು ಸೇರಿಸಬೇಡಿ. ಗಾಳ ಹಾಕಿ ಏನೂ ಬೀಳದ ನಾಲ್ಕನೆಯವನನ್ನು ಬಿಡಬೇಡಿ. ಬಿಟ್ಟ ಮೀನನ್ನು ಮಾತ್ರ ಒಬ್ಬೊಬ್ಬರನ್ನೇ ಬೇರೆ ಕೇಳಿ. ಚೀಲದಲ್ಲಿ ಇಲ್ಲದ್ದನ್ನು ಮೂವರೂ ತಮ್ಮದೇ ಎಂದು ಹೇಳಿ, ಒಂದು ಮೀನು ಮೂರಾಗುವುದುಂಟು.

ಜನ ಸುಳ್ಳು ಹೇಳಿದರೆ?

ಬೇಕೆಂದೇ ಸುಳ್ಳು ಹೇಳುವವರು ಕಡಿಮೆ. ಮರೆವು, ದುಂಡಗೆ ಹೇಳುವ ಚಟ, ಸ್ವಲ್ಪ ಜಂಬ, ಇವೇ ಜಾಸ್ತಿ. ನಮ್ಮೂರ ಚಹಾ ಅಂಗಡಿಯಲ್ಲಿ ಎಕರೆಗೆ ಎಷ್ಟು ಚೀಲ ಭತ್ತ ಬಂತು ಎಂದು ಕೇಳಿ ನೋಡಿ. ಮೂವತ್ತೈದು, ನಲವತ್ತು, ನಲವತ್ತೈದು. ಮೂವತ್ತೇಳು ಎಂದವರನ್ನು ನಾನಂತೂ ಕಂಡಿಲ್ಲ. ಮೀನೂ ಐದು, ಹತ್ತು, ಇಪ್ಪತ್ತು. ಫಾರ್ಮಿನ "ಕಂಡದ್ದು" ಕಾಲಮಿನಲ್ಲಿ 3, 7, 11 ಬರುತ್ತದೆ. "ಕೇಳಿದ್ದು" ಕಾಲಮಿನಲ್ಲಿ ಐದರ ಮಗ್ಗಿ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದನ್ನು ಎಷ್ಟು ನಂಬಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೆಯದನ್ನು ಕೇಳಿದರಂತೂ ಕೇಳಬೇಡಿ. ಕಳೆದ ಎರಡು ತಿಂಗಳಲ್ಲಿ ಎಷ್ಟು ಸಲ ಬಂದಿದ್ದಿರಿ ಎಂದರೆ, ದಸರಾ ರಜೆಯಲ್ಲಿ ಬಂದದ್ದೂ ಸಂಕ್ರಾಂತಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ನೆನಪಿನಲ್ಲಿ ಚೆನ್ನಾಗಿ ಉಳಿದ ದಿನ ಯಾವಾಗಲೂ ನಿನ್ನೆ ಮೊನ್ನೆಯಂತೆ ಕಾಣುತ್ತದೆ.

ಇದು ಬರಿ ನಮ್ಮ ತೊಂದರೆಯಲ್ಲ. ಅಮೆರಿಕದ ಅಂಚೆ ಪ್ರಶ್ನಾವಳಿಯಲ್ಲಿ ಎರಡು ತಿಂಗಳಲ್ಲಿ ಎಷ್ಟು ಸಲ ಹೋದಿರಿ, 12 ತಿಂಗಳಲ್ಲಿ ಎಷ್ಟು ಸಲ ಎಂದು ಎರಡೂ ಕೇಳುತ್ತಿದ್ದರು. ಆ ಎರಡು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಒಂದು ಪ್ರಯೋಗ ಮಾಡಿದರು. ದಡದಿಂದಲೂ ಸ್ವಂತ ದೋಣಿಯಿಂದಲೂ ಗಾಳ ಹಾಕುವವರ ಲೆಕ್ಕ ಸಾಮಾನ್ಯವಾಗಿ ನೂರಕ್ಕೆ 30ರಿಂದ 40ರಷ್ಟು ಇಳಿಯಿತು. 2023ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ ತಾನೇ ಇದನ್ನು ಹೊರಗೆ ಹೇಳಿತು. ಮೀನು ಅಷ್ಟೇ, ಜನ ಅಷ್ಟೇ, ಕೇಳಿದ ಸಾಲು ಬದಲಾಯಿತು ಅಷ್ಟೇ. ನಾನು ಆಮೇಲೆ ನಮ್ಮ ಫಾರ್ಮಿನ ಪ್ರಶ್ನೆಗಳ ಸಾಲನ್ನು ಮುಟ್ಟಿಲ್ಲ. ನೀವೂ ನಿಮ್ಮ ಮನಸ್ಸಿಗೆ ಬಂದಂತೆ ಹಿಂದೆ ಮುಂದೆ ಕೇಳಬೇಡಿ.

ಯಾವ ದಿನ, ಯಾವ ಜಾಗ? ಮೀನು ಚೆನ್ನಾಗಿ ಬೀಳುವ ಕಡೆ ಕೂತರೆ ಬೇಗ ಮುಗಿಯುತ್ತಲ್ಲ?

ಬೇಗ ಮುಗಿಯುತ್ತದೆ, ನಿಜ. ಆದರೆ ಬರೆದದ್ದು ಯಾವುದಕ್ಕೂ ಬರುವುದಿಲ್ಲ.

ಅಮೆರಿಕದಲ್ಲಿ ಮೊದಲು ಸಮೀಕ್ಷೆಯವನು ತನಗೆ ಕೊಟ್ಟ ಜಾಗದಲ್ಲಿ ಜನ ಇಲ್ಲದಿದ್ದರೆ ಜನ ಇರುವ ಕಡೆ ಹೋಗಬಹುದಿತ್ತು. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಪರಿಶೀಲಿಸಿ ಇಡೀ ಪದ್ಧತಿಯನ್ನೇ ಟೀಕಿಸಿತು. 2013ರಿಂದ ದಿನವನ್ನು ಆರು ತಾಸಿನ ತುಂಡುಗಳಾಗಿ ಮಾಡಿ, ಕೊಟ್ಟ ಜಾಗದಲ್ಲಿ ಕೊಟ್ಟ ಹೊತ್ತು ಪೂರ್ತಿ ಇರಬೇಕು ಎಂದಾಯಿತು. ರಾತ್ರಿಯ ಪಾಳಿಯೂ ಸೇರಿತು.

ನಮ್ಮದು ಚೀಟಿ ಎತ್ತುವ ಪದ್ಧತಿ. ಹೊರಡುವ ಹಿಂದಿನ ದಿನ ಜಾಗದ ಹೆಸರು, ಹೊತ್ತು ಬರೆದ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಯಾರದಾದರೂ ಮನೆಯ ಮಗುವಿನ ಕೈಲಿ ಎತ್ತಿಸುತ್ತೇವೆ. ಬಂದದ್ದು ಬಂತು. ಒಮ್ಮೆ ಮಧ್ಯಾಹ್ನ ಹನ್ನೆರಡರಿಂದ ಬಿಸಿಲಲ್ಲಿ ಕಾದ ಬಂಡೆಯ ಪಾಳಿ ಬಂತು. ಒಬ್ಬನೇ ಒಬ್ಬ ಗಾಳದವನು ಬಂದ, ಕಾಲು ತಾಸು ಕೂತು ಎದ್ದು ಹೋದ. ಒಂದು ಫಾರ್ಮ್, ಒಂದು ಸೊನ್ನೆ, ಎರಡು ಲೀಟರ್ ನೀರು ಖಾಲಿ. ಆ ಫಾರ್ಮ್ ಈಗಲೂ ಇದೆ.

ಎಲ್ಲರೂ ವಾಟ್ಸಾಪಿನಲ್ಲಿ ಮೀನಿನ ಫೋಟೋ ಹಾಕ್ತಾರೆ. ಅದನ್ನೇ ಎಣಿಸಿದರೆ?

ಹಾಕುವುದು ಯಾವ ಮೀನನ್ನು? ಮೊಣಕೈಯುದ್ದದ್ದು. ಅಂಗೈ ಗಾತ್ರದ್ದನ್ನು ಹಿಡಿದು ನಿಂತ ಫೋಟೋ ನಮ್ಮ ಗುಂಪಿನಲ್ಲಿ ಬಂದದ್ದು ನೆನಪಿಲ್ಲ. ಯಾವ ಜಾತಿ ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಫೋಟೋ ಚೆನ್ನ. ಗಂಟೆಗೆ ಎಷ್ಟು ಎನ್ನುವುದಕ್ಕೆ ಅಲ್ಲ.

ಡೈರಿ ಬರೆಯುವುದು ಬೇರೆ. ಆಸ್ಟ್ರೇಲಿಯಾದಲ್ಲಿ 2000–01ರಲ್ಲಿ ದೇಶವ್ಯಾಪಿ ಸಮೀಕ್ಷೆ ನಡೆಸಿದಾಗ, ಮೊದಲು ಫೋನಿನಲ್ಲಿ ಮನೆಗಳನ್ನು ಆರಿಸಿ, ಡೈರಿ ಕಳಿಸಿ, ಆಮೇಲೆ ಆಗಾಗ ಫೋನ್ ಮಾಡಿ ಲೆಕ್ಕ ತೆಗೆದುಕೊಂಡರು. ಡೈರಿ ಇದ್ದದ್ದು ನೆನಪಿಗೆ ಆಸರೆಯಾಗಿ. ಬರೆಯುವ ಮನಸ್ಸಿದ್ದವರನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ, ಮೊದಲೇ ಆರಿಸಿದ್ದರು. ವ್ಯತ್ಯಾಸ ಇರುವುದು ಅಲ್ಲೇ.

ಮೊದಲು ಡ್ಯಾಮಿನ ಹತ್ತಿರ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ಗಾಳ ಹಾಕುವ ಜಾಗಕ್ಕೆ ಪರವಾನಗಿ ಬೇಕೇನೋ ಮೊದಲು ವಿಚಾರಿಸಿ. ಡ್ಯಾಮಿನ ಕೆಳಗೆ ಕಂಪ್ಲಿಯವರೆಗಿನ ನದಿ ನೀರುನಾಯಿಗಳ ಸಂರಕ್ಷಣಾ ಮೀಸಲು, ಆ ಕಡೆ ಹೋಗಬೇಡಿ.

ಹಿನ್ನೀರಿನಲ್ಲಿ ಉಬ್ಬರ ಇಳಿತ ಇಲ್ಲ, ಆದರೆ ನೀರಿನ ಮಟ್ಟ ಇದೆ. ಪೂರ್ತಿ ತುಂಬಿದರೆ 1,633 ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ, ನೀರು ಹೊರಗೆ ಬಿಟ್ಟರಲ್ಲ, ಆಗ ನಾವು ಕೂರುತ್ತಿದ್ದ ಕಲ್ಲಿನಿಂದ ನೀರು ಎಷ್ಟೋ ದೂರ ಸರಿದಿತ್ತು. ಫಾರ್ಮಿನಲ್ಲಿ ಜಾಗದ ಹೆಸರು ಅದೇ. ನೀರಿನ ಮಟ್ಟದ ಕಾಲಂ ಇರಲಿಲ್ಲ. ಮುಂದಿನ ವರ್ಷ ಎರಡನ್ನೂ ಹೋಲಿಸಲು ಹೋದಾಗ ತಲೆ ಕೆಟ್ಟಿತು. ಈಗ ಇಲ್ಲಿ ಅಡಿ, ಅಲ್ಲಿ ಉಬ್ಬರವೋ ಇಳಿತವೋ, ಎರಡಕ್ಕೂ ಜಾಗ ಇದೆ.

ಜೂನ್, ಜುಲೈನಲ್ಲಿ ಕರಾವಳಿಗೆ ಹೋಗೋದಾ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದಡದ ಗಾಳದ ಮಾತು ಬೇರೆ. ಆದರೆ ಮಳೆಗಾಲದ ಅಲೆಗೆ ಬಂಡೆ ಹತ್ತುವುದು ಹುಚ್ಚುತನ. ನಾವು ಹೋಗುವುದಿಲ್ಲ.

ಮಾತು ಹೇಗೆ ಶುರು ಮಾಡಲಿ? ಬೈತಾರೆ ಅಂತ ಹೆದರಿಕೆ.

ಹೆಗಲಿಗೆ ಫೈಲು, ಕೈಯಲ್ಲಿ ಪೆನ್ನು ಹಿಡಿದು ಹೋದರೆ ದಂಡ ಹಾಕಲು ಬಂದ ಸಾಹೇಬರು ಎಂದುಕೊಂಡು ಬಕೆಟ್ ಮುಚ್ಚುತ್ತಾರೆ. ಮೊದಲು ಕೂತು ನೀರು ನೋಡಿ. "ಅಣ್ಣಾ, ನಾವು ಕೊಪ್ಪಳದವರು, ನಮಗೂ ಇದೇ ಹುಚ್ಚು" ಎನ್ನಿ. ಕೊಪ್ಪಳದಿಂದ ಗಾಳ ಹಾಕಲು ಬಂದಿರಾ ಎಂದು ಅವರಿಗೇ ನಗು ಬರುತ್ತದೆ. ಅಷ್ಟಾದರೆ ಮುಗಿಯಿತು. ಹೆಸರು, ಫೋನ್ ನಂಬರ್ ಕೇಳಬೇಡಿ, ಊರು ಸಾಕು. ಅವರ ಗುಟ್ಟಿನ ಜಾಗ ಯಾವುದೆಂದು ಕೆದಕಬೇಡಿ. ಬೇಡ ಎಂದವರನ್ನು ಬಿಟ್ಟುಬಿಡಿ, ಆದರೆ "ಒಬ್ಬರು ಒಪ್ಪಲಿಲ್ಲ" ಎಂದು ಒಂದು ಗೀಟು ಹಾಕಿಕೊಳ್ಳಿ.

ಫಾರ್ಮ್ ಒದ್ದೆಯಾಗಿ ಅಕ್ಷರ ಅಳಿಸಿ ಹೋಯ್ತು. ಏನು ಮಾಡಲಿ?

ಪೆನ್ನಲ್ಲಿ ಬರೆದಿದ್ದಿರಿ ಅಲ್ವಾ? ಉಪ್ಪುನೀರಿಗೆ ಶಾಯಿ ನಿಲ್ಲುವುದಿಲ್ಲ, ಪೆನ್ಸಿಲ್ ನಿಲ್ಲುತ್ತದೆ. ಎರಡು ಪೆನ್ಸಿಲ್ ಇಟ್ಟುಕೊಳ್ಳಿ, ಒಂದು ಬಂಡೆಯ ಸಂದಿಗೆ ಬಿದ್ದೇ ಬೀಳುತ್ತದೆ. ಒದ್ದೆಯಾದ ಫಾರ್ಮನ್ನು ಬಿಸಿಲಿಗೆ ಒಣಗಿಸಿ, ಓದಲು ಬರುವಷ್ಟನ್ನು ಹೊಸ ಹಾಳೆಗೆ ಇಳಿಸಿ. ಓದಲು ಬಾರದ ಕಡೆ "ಅಳಿಸಿದೆ" ಎಂದು ಬರೆಯಿರಿ. ಹಳೆಯ ಹಾಳೆಯನ್ನೂ ಪಿನ್ ಹೊಡೆದು ಹಿಂದೆ ಇಡಿ. ವಾಸನೆ ಬರುತ್ತದೆ, ಗೊತ್ತು. ನಮ್ಮ ಮನೆಯಲ್ಲಿ ಆ ಫೈಲಿಗೆ ಮಾಳಿಗೆಯ ಮೇಲೆ ಬೇರೆ ಗೂಡೇ ಇದೆ.